ಕಾಡ್ಗಿಚ್ಚಿನ ನಂತರ ತಾರಸಿಯ ಸೋಲಾರ್: ಮೊದಲು ಇನ್ಸುಲೇಶನ್, ಆಮೇಲೆ ನೀರು

ಎಲೆಕ್ಟ್ರಿಷಿಯನ್ ಟ್ರೇಡ್ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಸೋಲಾರ್ ಪಾಠವನ್ನು ನಾನು ಮೊದಲು ಪುಸ್ತಕದಲ್ಲಿ ಓದಿದ್ದೆ. ದೇವರಾಯನದುರ್ಗದ ತಪ್ಪಲಿನಲ್ಲಿರುವ ಮಾವನ ಮನೆಗೆ ಹೋದಾಗ ಅದು ನಿಜವಾಗಿ ಅರ್ಥವಾಯಿತು. ನಮ್ಮ ತುಮಕೂರು ಕಡೆ ಫೆಬ್ರವರಿ, ಮಾರ್ಚ್ ಬಂತೆಂದರೆ ಗುಡ್ಡದ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು. ಕೋಲಾರದ ಅಂತರಗಂಗೆ, ಚಿಕ್ಕಬಳ್ಳಾಪುರದ ಸ್ಕಂದಗಿರಿ ಕಡೆಯವರಿಗೂ ಇದು ಹೊಸದಲ್ಲ.

ಆ ಸಲ ಬೆಂಕಿ ಮನೆಯ ಹಿಂದಿನ ಬೇಲಿವರೆಗೂ ಬಂದು ಆರಿತ್ತು. ಬೆಳಿಗ್ಗೆ ನೋಡಿದರೆ ಪ್ಯಾನೆಲ್ ಮೇಲೆಲ್ಲ ಬೂದಿ. ಮಾವ ಪೈಪ್ ಕೈಗೆ ಕೊಟ್ಟು, "ಮೇನ್ ಆಫ್ ಮಾಡಿದೀನಿ ಕಣಪ್ಪ, ಧೈರ್ಯವಾಗಿ ತೊಳಿ" ಅಂದರು. ನಾನು ಪೈಪ್ ಕೆಳಗಿಟ್ಟೆ. ಯಾಕೆ ಅಂತ ಹೇಳುತ್ತೇನೆ.

ಮೇನ್ ಇಳಿಸಿದರೆ ಬೆಸ್ಕಾಂ ಕಡೆಯ ಎಸಿ ನಿಲ್ಲುತ್ತದೆ. ಗ್ರಿಡ್ ಇಲ್ಲವೆಂದು ತಿಳಿದ ಕೂಡಲೇ, ಪ್ಯಾನೆಲ್ಲಿನ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ಕೂಡ ಎಸಿ ಕೊಡುವುದನ್ನು ನಿಲ್ಲಿಸುತ್ತದೆ. ಆದರೆ ಪ್ಯಾನೆಲ್‌ಗೆ ಸ್ವಿಚ್ ಇಲ್ಲ. ಬೆಳಕು ಬೀಳುತ್ತಿರುವಷ್ಟು ಹೊತ್ತೂ ಅದರಿಂದ ಬರುವ ಡಿಸಿ ತಂತಿ ಲೈವ್ ಆಗಿಯೇ ಇರುತ್ತದೆ. ಡಿಸಿ ಐಸೊಲೇಟರ್ (ಪ್ಯಾನೆಲ್ ತಂತಿಯನ್ನು ಇನ್ವರ್ಟರಿನಿಂದ ಬೇರ್ಪಡಿಸುವ ಸ್ವಿಚ್) ಆಫ್ ಮಾಡಿದರೂ ಅದಕ್ಕಿಂತ ಮೇಲಿನ, ಪ್ಯಾನೆಲ್ ಕಡೆಯ ತಂತಿ ಲೈವ್ ಆಗಿಯೇ ಉಳಿಯುತ್ತದೆ. ಮಾವನ ಮನೆಯಲ್ಲಿ 540 ವ್ಯಾಟಿನ ಆರು ಪ್ಯಾನೆಲ್ ಸೀರೀಸ್‌ನಲ್ಲಿವೆ. ಒಂದರ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಲೋಡ್ ಇಲ್ಲದಾಗಿನ ವೋಲ್ಟೇಜ್, ಸುಮಾರು 49. ಆರಕ್ಕೆ ಹತ್ತಿರ ಹತ್ತಿರ 300 ವೋಲ್ಟ್ ಆಯಿತು, ಅಲ್ವಾ?

ಹೊಗೆ ಕವಿದು ಬಿಸಿಲು ಮಂಕಾಗಿದೆ, ಹಾಗಾಗಿ ಅಪಾಯ ಕಮ್ಮಿ ಅಂತ ಕೆಲವರು ಅಂದುಕೊಳ್ಳುತ್ತಾರೆ. ಕರೆಂಟ್, ವೋಲ್ಟೇಜ್ ಸಂಬಂಧ ತೋರಿಸುವ ಐ-ವಿ ಕರ್ವ್ ನೆನಪಿಸಿಕೊಳ್ಳಿ. ಬೆಳಕು ಅರ್ಧಕ್ಕೆ ಇಳಿದರೆ ಆಂಪಿಯರ್ ಹೆಚ್ಚುಕಡಿಮೆ ಅರ್ಧ ಆಗುತ್ತದೆ, ವೋಲ್ಟೇಜ್ ಮಾತ್ರ ಕೊಂಚವೇ ಇಳಿಯುತ್ತದೆ. ಮುಂಜಾನೆಯ ಮಸುಕು ಬೆಳಕಿನಲ್ಲೂ ಮೀಟರ್ ಹಿಡಿದರೆ ದೊಡ್ಡ ವೋಲ್ಟೇಜೇ ಕಾಣುತ್ತದೆ. ಈ ಒಂದು ಸಂಗತಿಯನ್ನು ದಯವಿಟ್ಟು ಚೆನ್ನಾಗಿ ಮನಸ್ಸಿಗೆ ಹಾಕಿಕೊಳ್ಳಿ.

ಇನ್ನೊಂದು ವಿಷಯ, ಡಿಸಿ ಆರ್ಕ್, ಅಂದರೆ ಜೋಡಣೆ ಬಿಟ್ಟಾಗ ಗಾಳಿಯಲ್ಲಿ ಹಾರುವ ಕಿಡಿ. ನಮ್ಮ 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಆಗ ಕಿಡಿ ತಾನಾಗಿ ನಂದಲು ಅವಕಾಶ ಸಿಗುತ್ತದೆ. ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ, ಹತ್ತಿದ ಆರ್ಕ್ ಉರಿಯುತ್ತಲೇ ಇರುತ್ತದೆ. ಲೋಡ್ ಇರುವಾಗ ಎಂಸಿ4 ಕನೆಕ್ಟರ್ (ಪ್ಯಾನೆಲ್ ತಂತಿಗಳನ್ನು ಜೋಡಿಸುವ ಪ್ಲಗ್) ಎಳೆದರೆ ಕೈ ಸುಡುವುದು ಇದಕ್ಕೇ. ಮೊದಲು ಇನ್ವರ್ಟರ್ ನಿಲ್ಲಿಸಬೇಕು, ಆಮೇಲೆ ಐಸೊಲೇಟರ್, ಕೊನೆಗೆ ಕನೆಕ್ಟರ್. ಬೆಂಕಿಯ ಬಿಸಿಗೆ ಕನೆಕ್ಟರ್ ಕರಗಿ ಅಂಟಿಕೊಂಡಿದ್ದರೆ ನಾವು ಮುಟ್ಟುವುದೇ ಬೇಡ.

ಈಗ ನೀರಿನ ಮಾತು. ಮುಂದಿನ ಗಾಜು ಬೆಂಕಿಯ ಬಿಸಿಯನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಹಿಂಬದಿಯ ಹಾಳೆ, ಜಂಕ್ಷನ್ ಬಾಕ್ಸ್, ಕೇಬಲ್ ಎಲ್ಲವೂ ಪ್ಲಾಸ್ಟಿಕ್ ಜಾತಿಯವು. ಹಾಳೆ ಉಬ್ಬಿರಬಹುದು, ಹಳದಿಗೆ ತಿರುಗಿರಬಹುದು, ಕೇಬಲ್ ಗಡುಸಾಗಿ ಸಣ್ಣಗೆ ಬಿರುಕು ಬಿಟ್ಟಿರಬಹುದು. ಇಂಥ ಪ್ಯಾನೆಲ್ ಕರೆಂಟ್ ಕೊಡುತ್ತಲೇ ಇರುತ್ತದೆ, ಆದ್ದರಿಂದ ಹಾಳಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಅದರ ಮೇಲೆ ನೀರು ಬಿಟ್ಟರೆ ಬಿರುಕಿನಿಂದ ಕರೆಂಟ್ ಅಲ್ಯೂಮಿನಿಯಂ ಫ್ರೇಮಿಗೆ ಬರುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಪೈಪ್ ಹಿಡಿದವನಿಗೇ ಶಾಕ್. ಅದಕ್ಕೇ ತೊಳೆಯುವ ಮೊದಲು ಇನ್ಸುಲೇಶನ್ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹೊರಗೆ ಸೋರದಂತೆ ಹೊದಿಕೆ ಎಷ್ಟು ತಡೆಯುತ್ತದೆ ಅನ್ನುವುದನ್ನು ನೋಡಬೇಕು. 120ರಿಂದ 500 ವೋಲ್ಟ್ ಒಳಗಿನ ಸ್ಟ್ರಿಂಗಿಗೆ (ಸೀರೀಸ್ ಆಗಿ ಜೋಡಿಸಿದ ಪ್ಯಾನೆಲ್ ಸಾಲಿಗೆ) 500 ವೋಲ್ಟ್‌ನ ಟೆಸ್ಟ್, ಕನಿಷ್ಠ 1 ಮೆಗಾ ಓಮ್ ಬರಬೇಕು. ಇನ್ಸುಲೇಶನ್ ಅಳೆಯುವ ಲ್ಯಾಬಿನ ಮೆಗ್ಗರನ್ನು ಲೈವ್ ಸ್ಟ್ರಿಂಗಿಗೆ ಸುಮ್ನೆ ಹಚ್ಚಬೇಡಿ. ಸೋಲಾರಿಗೆಂದೇ ಇರುವ ಟೆಸ್ಟರ್ ಬೇರೆ ಇದೆ. ಮಾವ ಎರಡು ದಿನ ಕಾದು ಅದು ಇದ್ದವರನ್ನೇ ಕರೆಸಿದರು. ಬೇಲಿ ಕಡೆಯ ಪ್ಯಾನೆಲ್ ಸೇರಿಸಿ ಅಳೆದಾಗ 0.2 ಮೆಗಾ ಓಮ್ ಬಂತು. ಅದನ್ನು ಬಿಟ್ಟು ಅಳೆದಾಗ ಉಳಿದ ಐದೂ ಸರಿಯಾಗಿದ್ದವು. ಆ ಪ್ಯಾನೆಲ್‌ನ ಗಾಜಿನಲ್ಲಿ ಒಂದು ಗೀರೂ ಇರಲಿಲ್ಲ!

ಉಳಿದ ಐದನ್ನು ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ತೊಳೆದೆವು. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಅದಕ್ಕೇ ಅಷ್ಟು ಬೇಗ. ಬೂದಿಯ ಗುಣ ನಮಗೆ ಅಡುಗೆಮನೆಯಿಂದಲೇ ಗೊತ್ತಿದೆ. ಅಜ್ಜಿ ಪಾತ್ರೆ ತಿಕ್ಕುತ್ತಿದ್ದದ್ದು ಬೂದಿಯಲ್ಲೇ. ಅದು ಉಜ್ಜುತ್ತದೆ, ಜೊತೆಗೆ ನೀರು ಸೇರಿದರೆ ಕ್ಷಾರವಾಗುತ್ತದೆ. ಪಾತ್ರೆಗೆ ಒಳ್ಳೆಯದಾದ ಗುಣವೇ ಗಾಜಿನ ಮೇಲಿನ ತೆಳುವಾದ ಲೇಪಕ್ಕೆ ಕೆಟ್ಟದ್ದು. ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಇಬ್ಬನಿಯಷ್ಟೇ ನೀರು ತಾಗಿದರೆ ಬೂದಿ ಕಲಸಿದಂತಾಗಿ ಅಂಟಿಕೊಳ್ಳುತ್ತದೆ. ಜಾಸ್ತಿ ನೀರು, ಕಡಿಮೆ ಒತ್ತಡ, ಮೃದುವಾದ ಬ್ರಷ್ ಇರಲಿ. ಮೂಗಿಗೆ ಮಾಸ್ಕ್ ಇರಲಿ.

ನಮ್ಮ ಮೂರೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಒಣಗಿದ ಮೇಲೆ ಬಿಳಿ ಕಲೆ ಉಳಿಸುತ್ತದೆ. ಕೊನೆಯ ಸುತ್ತಿಗಾದರೂ ಹಿಡಿದಿಟ್ಟ ಮಳೆನೀರು ಬಳಸಿ. ಆರ್‌ಒ ಯಂತ್ರದಿಂದ ಹೊರಬರುವ ನೀರು ಹೇಗೂ ವೇಸ್ಟ್ ಅಂತ ಅದನ್ನು ಸುರಿಯಬೇಡಿ, ಉಪ್ಪಿನಂಶ ಅದರಲ್ಲೇ ಜಾಸ್ತಿ.

ತೊಳೆದಾಗ ಒಂದು ಜಾಗ ಮರೆಯುತ್ತದೆ: ಕೆಳ ಅಂಚು. ತುಮಕೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಇಳಿಜಾರನ್ನು ಹೆಚ್ಚುಕಡಿಮೆ ಅಕ್ಷಾಂಶದಷ್ಟೇ ಇಡುತ್ತಾರೆ, ಹಾಗಾಗಿ ಇಲ್ಲಿ ಪ್ಯಾನೆಲ್‌ಗಳಿಗೆ ಇಳಿಜಾರು ಕಡಿಮೆ. ಬೂದಿ ಜಾರಿ ಬಂದು ಫ್ರೇಮಿನ ಕೆಳ ಅಂಚಿನಲ್ಲಿ ನಿಲ್ಲುತ್ತದೆ. ಎರಡು ಬೆರಳಗಲದ ಪಟ್ಟಿ ಅಷ್ಟೇ, ಏನಾಗುತ್ತದೆ ಅನ್ನಿಸಬಹುದು. ಪ್ಯಾನೆಲ್ ಒಳಗೆ ಸೆಲ್‌ಗಳು ಮೂರು ಗುಂಪಾಗಿ ಉದ್ದಕ್ಕೆ ಇರುತ್ತವೆ, ಗುಂಪಿಗೊಂದು ಬೈಪಾಸ್ ಡಯೋಡ್. ನೆರಳು ಬಿದ್ದ ಗುಂಪನ್ನು ಬಿಟ್ಟು ಕರೆಂಟ್ ಮುಂದೆ ಹೋಗಲು ಅದು ದಾರಿ ಕೊಡುತ್ತದೆ. ಹಳೆಯ ಪೂರ್ಣ ಸೆಲ್ ಪ್ಯಾನೆಲ್ ಅನ್ನು ಉದ್ದಕ್ಕೆ ನಿಲ್ಲಿಸಿದ್ದರೆ ಆ ಪಟ್ಟಿ ಮೂರೂ ಗುಂಪಿನ ಕೊನೆಯ ಸೆಲ್‌ಗಳನ್ನು ಮುಚ್ಚುತ್ತದೆ, ಇಡೀ ಪ್ಯಾನೆಲ್ ಸೊರಗುತ್ತದೆ. ಅಡ್ಡಕ್ಕೆ ಮಲಗಿಸಿದ್ದರೆ ಒಂದು ಗುಂಪಿಗೆ ಮಾತ್ರ ಪೆಟ್ಟು. ಈಗಿನ ಹಾಫ್ ಕಟ್ ಪ್ಯಾನೆಲ್ (ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ, ಮೇಲಿನ ಮತ್ತು ಕೆಳಗಿನ ಭಾಗವನ್ನು ಬೇರೆ ಬೇರೆಯಾಗಿ ಜೋಡಿಸಿದ್ದು) ಉದ್ದಕ್ಕೆ ನಿಂತಿದ್ದರೂ ಮೇಲಿನ ಅರ್ಧ ಕೆಲಸ ಮಾಡುತ್ತಲೇ ಇರುತ್ತದೆ. ಈ ಮೂರು ಚಿತ್ರಗಳನ್ನು ನೋಟ್ಸಿನಲ್ಲಿ ಒಮ್ಮೆ ಬಿಡಿಸಿ ನೋಡಿ, ಬೈಪಾಸ್ ಡಯೋಡ್ ಯಾಕಿದೆ ಅನ್ನುವುದು ಚೆನ್ನಾಗಿ ತಿಳಿಯುತ್ತದೆ.

ತೊಳೆದ ಮೇಲೂ ಯೂನಿಟ್ ಕಮ್ಮಿ ಬಂದರೆ ಗಾಬರಿ ಬೇಡ, ಆಕಾಶ ನೋಡಿ. ಹೊಗೆಯ ಕಣಗಳು ಬೆಳಕನ್ನು ಚದುರಿಸುತ್ತವೆ, ಹೀರುತ್ತವೆ ಕೂಡ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರ ಸೆಪ್ಟೆಂಬರ್ ಮೊದಲ ಎರಡು ವಾರ, ಅಲ್ಲಿನ ಮುಖ್ಯ ಗ್ರಿಡ್‌ನ ಸೌರ ಉತ್ಪಾದನೆ ಜುಲೈನ ಸರಾಸರಿಗಿಂತ ಸುಮಾರು 30 ಶೇಕಡಾ ಇಳಿದಿತ್ತು. ಇದು ಹೊಗೆ ಚೆದುರಿದರೆ ಸರಿಹೋಗುವ ತೊಂದರೆ.

ಬೇಸಿಗೆಗೆ ಮೊದಲೇ ಪ್ಯಾನೆಲ್ ಅಡಿಯ ಒಣ ಎಲೆ, ತೆಂಗಿನ ಗರಿ, ಹಕ್ಕಿಗೂಡಿನ ಕಡ್ಡಿ ತೆಗೆದುಬಿಡಿ. ಹಾರಿ ಬಂದ ಕಿಡಿ ಸೇರಿಕೊಳ್ಳುವುದು ಅಲ್ಲೇ. ಬೆಂಕಿ ಹತ್ತಿದರೆ 101ಕ್ಕೆ ಕರೆ ಮಾಡಿದಾಗಲೇ ತಾರಸಿಯಲ್ಲಿ ಸೋಲಾರ್ ಇದೆ ಅಂತ ಹೇಳಿ.

ಕೆಟ್ಟ ಪ್ಯಾನೆಲ್ ಗುಜರಿಗೆ ಬೇಡ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೋಲಾರ್ ಪ್ಯಾನೆಲ್ ಕೂಡ ಸೇರಿದೆ. ಬಿಚ್ಚಿಟ್ಟ ಮೇಲೂ ಬೆಳಕು ಬಿದ್ದರೆ ಅದು ವೋಲ್ಟೇಜ್ ಕೊಡುತ್ತದೆ. ಮಾವನ ಮನೆಯ ಆ ಆರನೆಯದು ಈಗ ಕತ್ತಲೆ ಕೋಣೆಯಲ್ಲಿ, ಗಾಜು ಗೋಡೆ ಕಡೆಗೆ ತಿರುಗಿ, ಕನೆಕ್ಟರಿಗೆ ಟೇಪ್ ಸುತ್ತಿಸಿಕೊಂಡು, ದಪ್ಪ ಟಾರ್ಪಾಲ್ ಅಡಿಯಲ್ಲಿದೆ.