ಊರಾಚೆ ಖಾಲಿ ಜಾಗ ಇದೆಯಲ್ಲ, ಹೊಸ ಊರೇ ಕಟ್ಟಬಾರದಾ?

ಪ್ರಶ್ನೆ: ಬಳ್ಳಾರಿಯ ಧೂಳು, ಗಟಾರ, ಟ್ರಾಫಿಕ್ ರಿಪೇರಿ ಮಾಡುವ ಬದಲು ಊರಾಚೆಯ ಖಾಲಿ ಜಾಗದಲ್ಲಿ ಸೋಲಾರ್, ಅಗಲ ರಸ್ತೆ, ಗಿಡಮರ ಇರುವ ಹೊಸ ಪರಿಸರಸ್ನೇಹಿ ನಗರ ಕಟ್ಟಬಾರದಾ?

ಉತ್ತರ: ಕಟ್ಟಬಹುದು. ಆದರೆ ಜಾಗ ಖಾಲಿ ಇದೆ ಅನ್ನೋ ನಂಬಿಕೆಯನ್ನು ಮೊದಲು ಬಿಡಿ. ಪ್ರಶ್ನೆ ಕೊಪ್ಪಳದಿಂದ ಬರಲಿ, ರಾಯಚೂರಿಂದ ಬರಲಿ, ಈ ಮಾತು ಅದರಲ್ಲಿ ಇದ್ದೇ ಇರುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಜುಲೈನಲ್ಲಿ ಬಳ್ಳಾರಿ ಸುತ್ತ ಬಸ್ಸಲ್ಲಿ ಹೋಗಿ ನೋಡಿ. ಎಷ್ಟೋ ಕಡೆ ಕಣ್ಣು ಹಾಯುವಷ್ಟು ದೂರ ಕರಿ ನೆಲ, ಒಂದು ಹಸಿರು ಎಲೆ ಇಲ್ಲ. ನೋಡಿದವರು ಬೀಳು ಬಿದ್ದಿದೆ ಅಂದುಕೊಳ್ಳುತ್ತಾರೆ. ಎರೆ ಹೊಲವನ್ನು ಮುಂಗಾರಿನಲ್ಲಿ ಬಿತ್ತದೆ ಬಿಡುವುದು ನಮ್ಮ ಕಡೆಯ ಹಳೇ ಪದ್ಧತಿ. ಕುಂಟೆ ಹೊಡೆದು ಬಿಟ್ಟರೆ ಮಳೆ ನೀರು ನೆಲದೊಳಗೆ ಇಳಿದು ನಿಲ್ಲುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿಳಿಜೋಳ, ಕಡಲೆ ಬಿತ್ತುತ್ತಾರೆ. ಆಮೇಲೆ ಮಳೆ ಕೈಕೊಟ್ಟರೂ ಆ ತೇವದಲ್ಲೇ ಬೆಳೆ ಕೈಗೆ ಬರುತ್ತದೆ. ನೀವು ಖಾಲಿ ಅಂದ ಹೊಲ ಜುಲೈನಲ್ಲಿ ನೀರು ಕುಡಿಯುತ್ತಾ ಇರುತ್ತದೆ.

ಸರ್ಕಾರಿ ಜಾಗವಾದರೆ ತೊಂದರೆ ಇಲ್ಲ ಅಲ್ವಾ ಅಂತ ಕೇಳುತ್ತಾರೆ. ಪಹಣಿಯಲ್ಲಿ ರೈತನ ಹೆಸರಿಲ್ಲ ಅಂದ ಮಾತ್ರಕ್ಕೆ ಯಾರೂ ಬಳಸುತ್ತಿಲ್ಲ ಅಂತಲ್ಲ. ಗೋಮಾಳದಲ್ಲಿ ಕುರಿ ಮೇಯುತ್ತವೆ. ಆ ಕುರಿಗಳನ್ನೇ ರೈತರು ರಾತ್ರಿ ಹೊಲದಲ್ಲಿ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುತ್ತಾರೆ. ಇನ್ನು ವರ್ಷದ ಬಹುಪಾಲು ಒಣಗಿರುವ ಹಳ್ಳ. ಅದರ ಮೇಲೆ ಸೈಟು ಹಾಕಿದರೆ ಒಂದೇ ದೊಡ್ಡ ಮಳೆಗೆ ನೀರು ಅಡುಗೆಮನೆಗೆ ಬರುತ್ತದೆ.

ನೆಲದ ಗುಣವೂ ಇದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಪಾಯ ಸರಿ ಇಲ್ಲದಿದ್ದರೆ ಗೋಡೆ ಸೀಳುತ್ತದೆ, ಒಳಚರಂಡಿ ಪೈಪಿನ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ. ಜಾಗ ಅಗ್ಗ ಅಂತ ಹೋದರೆ ಉಳಿಸಿದ ದುಡ್ಡು ಪಾಯಕ್ಕೇ ಹೋಗುತ್ತದೆ.

ಪಕ್ಕದ ಆಂಧ್ರದ ಅಮರಾವತಿ ನೋಡಿ. ಹೊಸ ರಾಜಧಾನಿ ಕಟ್ಟಲು 2015ರ ಹೊತ್ತಿಗೆ ಕೃಷ್ಣಾ ದಂಡೆಯಲ್ಲಿ ರೈತರಿಂದ ಸುಮಾರು 33 ಸಾವಿರ ಎಕರೆ ಸೇರಿಸಿದರು. ಹೊಲ ಕೊಟ್ಟವರಿಗೆ ಅಭಿವೃದ್ಧಿ ಮಾಡಿದ ಸೈಟು ಕೊಡುವ ಮಾತಾಗಿತ್ತು. 2019ರಲ್ಲಿ ಸರ್ಕಾರ ಬದಲಾಯಿತು, ಮೂರು ರಾಜಧಾನಿ ಅಂದರು, ಕೆಲಸ ನಿಂತಿತು. ಹೊಲ ಕೊಟ್ಟ ರೈತರು ವರ್ಷಗಟ್ಟಲೆ ಹೋರಾಟಕ್ಕೆ ಕೂರಬೇಕಾಯಿತು. ಅಷ್ಟು ಜನರ ಬದುಕು ಒಂದು ಚುನಾವಣೆಗೆ ಕಟ್ಟುಬಿದ್ದಿತ್ತು.

ಈಗ ನೀರು. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ. ಒಂದು ಲಕ್ಷ ಜನ ಅಂದರೆ 1.35 ಕೋಟಿ ಲೀಟರ್. ವರ್ಷಕ್ಕೆ ಇದು ಒಂದು ಟಿಎಂಸಿಯ (ನೂರು ಕೋಟಿ ಘನ ಅಡಿ) ಐದನೇ ಒಂದು ಪಾಲೂ ಆಗುವುದಿಲ್ಲ. ಹೂಳು ತುಂಬಿ 133ರಿಂದ ಸುಮಾರು 105 ಟಿಎಂಸಿಗೆ ಇಳಿದಿರುವ ತುಂಗಭದ್ರಾ ಜಲಾಶಯಕ್ಕೂ ಇದು ಭಾರವಲ್ಲ. ಕಷ್ಟ ಇರುವುದು ಬೇಸಿಗೆಯಲ್ಲಿ, ಕಾಲುವೆ ಬಂದ್ ಆದಾಗ. ನೂರು ದಿನಕ್ಕೆ ನೀರು ಕೂಡಿಡಬೇಕು ಅಂದರೆ ನಾಲ್ಕು ಮೀಟರ್ ಆಳದ ಕೆರೆ ಎಂಬತ್ತು ಎಕರೆ ದಾಟುತ್ತದೆ. ಆವಿಯಾಗುವುದು, ಇಂಗುವುದು ಬೇರೆ. ಕುಡಿಯುವ ನೀರು ಕೂಡಿಡುವ ಅಲ್ಲೀಪುರ ಕೆರೆ ಯಾಕೆ ಮುಖ್ಯ ಅಂತ ಬಳ್ಳಾರಿಯವರಿಗೆ ನಾನು ಹೇಳಬೇಕಿಲ್ಲ. ಹೊಸ ಊರಿನ ನಕ್ಷೆಯಲ್ಲಿ ಮೊದಲ ಗೆರೆ ಅಂಥ ಕೆರೆಯದ್ದಾಗಬೇಕು, ಎರಡನೆಯದು ಕೊಳಚೆ ನೀರು ಶುದ್ಧ ಮಾಡುವ ಘಟಕದ್ದು. ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ವಾಪಸ್ ಬರುತ್ತದೆ. ಅದನ್ನು ಶುದ್ಧ ಮಾಡಿದರೆ ಗಿಡಮರಕ್ಕೆ ಬೇರೆ ನೀರು ಬೇಡ. ಸೋಲಾರ್ ಚಿಂತೆ ಬಿಡಿ, ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ.

ಕೆಲಸ ಮೊದಲು, ಊರು ಆಮೇಲೆ. ರಾಯಚೂರಿನ ಶಕ್ತಿನಗರ, ತೋರಣಗಲ್ಲಿನ ವಿದ್ಯಾನಗರ ತುಂಬಿದ್ದು ವಿದ್ಯುತ್ ಸ್ಥಾವರ, ಉಕ್ಕಿನ ಕಾರ್ಖಾನೆ ಇದ್ದುದಕ್ಕೆ. ಸುಮ್ನೆ ಮನೆ ಕಟ್ಟಿಟ್ಟರೆ ಜನ ಬರುವುದಿಲ್ಲ. ನನ್ನನ್ನು ಕೇಳಿದರೆ, ಇರುವ ಊರಿಗೆ ಅಂಟಿಕೊಂಡೇ, ರೈಲು ನಿಲ್ದಾಣಕ್ಕೆ ಹತ್ತಿರ ಬೆಳೆಸುವುದು ಮೇಲು.

ಯಾರೂ ಕೇಳದ ಇನ್ನೊಂದು ವಿಷಯವಿದೆ. ಆ ಊರು ಕಟ್ಟುವವರು ರಾತ್ರಿ ಎಲ್ಲಿ ಮಲಗುತ್ತಾರೆ? ಬ್ರೆಜಿಲ್ ದೇಶ ಬಯಲಲ್ಲಿ ಬ್ರೆಸಿಲಿಯಾ ಕಟ್ಟಿ 1960ರಲ್ಲಿ ಉದ್ಘಾಟಿಸಿತು. ಕೂಲಿಗಳಿಗೆ ನಕ್ಷೆಯೊಳಗೆ ಜಾಗ ಇರಲಿಲ್ಲ. 1958ರಲ್ಲೇ ದೂರದಲ್ಲಿ ಟಾಗುವಟಿಂಗಾ ಅನ್ನೋ ಇನ್ನೊಂದು ಊರು ಮಾಡಬೇಕಾಯಿತು. ಚಂಡೀಗಢವನ್ನು ಐದು ಲಕ್ಷ ಜನಕ್ಕೆ ಅಂತ ಯೋಚಿಸಿದ್ದರು. 2011ರ ಜನಗಣತಿಯಲ್ಲಿ ಹತ್ತು ಲಕ್ಷ ದಾಟಿತ್ತು. ಅದನ್ನು ಕಟ್ಟಿದ ಕೂಲಿಗಳ 'ತಾತ್ಕಾಲಿಕ' ಕಾಲೊನಿಗಳು ದಶಕಗಟ್ಟಲೆ ಹಾಗೇ ಉಳಿದವು.

ನಮ್ಮ ಮೂರೂ ಜಿಲ್ಲೆಗಳಿಂದ ಗುಳೆ ಹೋದವರು ಬೆಂಗಳೂರಿನಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಮಕ್ಕಳ ಶಾಲೆ ಅರ್ಧಕ್ಕೆ ನಿಂತಿರುತ್ತದೆ. ನಮ್ಮ ನೆಲದಲ್ಲೇ ಹೊಸ ಊರು ಕಟ್ಟುವಾಗಲೂ ಅವರಿಗೆ ಅದೇ ತಗಡು ಕೊಡುವುದಾದರೆ ನಾನಂತೂ ಒಪ್ಪುವುದಿಲ್ಲ. ಮೊದಲ ಹಂತದಲ್ಲೇ ಅವರಿಗೆ ಕಡಿಮೆ ಬಾಡಿಗೆಯ ಪಕ್ಕಾ ಮನೆ, ನಲ್ಲಿ, ಕಕ್ಕಸು, ಅಂಗನವಾಡಿ ಆಗಬೇಕು. ಕಟ್ಟಡದ ಕೆಲಸ ಮುಗಿದ ಮೇಲೆ ಆ ಮನೆಗಳು ಹಾಳು ಬೀಳುವುದಿಲ್ಲ. ಪೌರಕಾರ್ಮಿಕರು, ತರಕಾರಿ ಮಾರುವವರು, ಆಟೊ ಓಡಿಸುವವರು ಅದೇ ಊರಲ್ಲಿ ಇರಬೇಕಲ್ಲ, ಅವರಿಗಾಗುತ್ತವೆ.