ಇರಾಕಿನಿಂದ ಸೈನ್ಯ ವಾಪಸಾಗಿದ್ದು ಎಷ್ಟು ಸಲ?

ಇರಾಕಿನಿಂದ ಅಮೆರಿಕದ ಸೈನ್ಯ ವಾಪಸ್ ಹೋಗುತ್ತದೆ ಎಂಬ ಸುದ್ದಿ ವರ್ಷಗಳಿಂದ ಬರುತ್ತಲೇ ಇದೆ. ಹಾಗಾದರೆ ಅವರು ಹೋದರಾ, ಇಲ್ಲವಾ? ಗೊಂದಲ ಆಗುವುದು ಸಹಜ.

2003ರ ಮಾರ್ಚ್‌ನಲ್ಲಿ ಇರಾಕಿನ ಮೇಲೆ ಅಮೆರಿಕ ಮತ್ತು ಅದರ ಮಿತ್ರದೇಶಗಳ ದಾಳಿ, ಏಪ್ರಿಲ್‌ನಲ್ಲಿ ಬಾಗ್ದಾದ್ ಕೈವಶ, ಮೇ ತಿಂಗಳಲ್ಲಿ ಇರಾಕಿನ ಸೇನೆಯೇ ವಿಸರ್ಜನೆ. ಮಿತ್ರದೇಶಗಳಲ್ಲಿ ಒಂದಾದ ಸ್ಪೇನ್ 2004ರಲ್ಲಿ ತನ್ನ ಸೈನಿಕರನ್ನು ಕರೆಸಿಕೊಂಡಿತು. ಆಮೇಲೆ ಇನ್ನೂ ಕೆಲವು ದೇಶಗಳು ಜಾಗ ಖಾಲಿ ಮಾಡಿದವು. 2007ರಲ್ಲಿ ಅಮೆರಿಕ ಮಾತ್ರ ಸುಮಾರು 30,000 ಸೈನಿಕರನ್ನು ಜಾಸ್ತಿ ಇಳಿಸಿತು.

ಅದೇ ವರ್ಷ ದಕ್ಷಿಣದ ಬಸ್ರಾದಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಷತ್ ಅಲ್ ಅರಬ್ ನದಿ ದಂಡೆಯಲ್ಲಿದ್ದ ಸದ್ದಾಂ ಅರಮನೆಯಲ್ಲಿ ಬ್ರಿಟಿಷ್ ಪಡೆ ಬೀಡುಬಿಟ್ಟಿತ್ತು. ರಾಕೆಟ್, ಮಾರ್ಟರ್ ಬೀಳದ ದಿನವೇ ಕಡಿಮೆ. ಸೆಪ್ಟೆಂಬರ್ ಮೊದಲ ವಾರದ ಒಂದು ರಾತ್ರಿ ಅಲ್ಲಿದ್ದ ಸುಮಾರು 500 ಸೈನಿಕರು ಹೊರಟು, ಊರಾಚೆಯ ವಿಮಾನ ನಿಲ್ದಾಣದ ನೆಲೆ ಸೇರಿಕೊಂಡರು. ಇದು ಸೋಲಲ್ಲ, ಮೊದಲೇ ಯೋಜಿಸಿದ್ದು ಎಂಬ ವಿವರಣೆ ಬ್ರಿಟನ್ನಿನಿಂದ ಬಂತು. ಡಿಸೆಂಬರ್‌ನಲ್ಲಿ ಇಡೀ ಪ್ರಾಂತ್ಯದ ಭದ್ರತೆಯನ್ನು ಇರಾಕಿಗೆ ಬಿಟ್ಟುಕೊಟ್ಟರು.

ಬ್ರಿಟಿಷರ ಮೇಲಿನ ದಾಳಿ ಕಡಿಮೆಯಾಯಿತು, ನಿಜ. ಆದರೆ ಬೀದಿಗಳು ಬಂದೂಕು ಹಿಡಿದ ಗುಂಪುಗಳ ಪಾಲಾಗಿದ್ದವು. ತಲೆಗೆ ಬಟ್ಟೆ ಹಾಕದ ಹೆಂಗಸರಿಗೆ ಸಾವೇ ಗತಿ ಎಂಬ ಬೆದರಿಕೆಯನ್ನು ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆಯುತ್ತಿದ್ದರು. ಆ ಒಂದೇ ವರ್ಷ ಕನಿಷ್ಠ 40 ಮಹಿಳೆಯರು ಹೀಗೆ ಕೊಲೆಯಾದರು ಎಂದು ಅಲ್ಲಿನ ಪೊಲೀಸರೇ ಹೇಳಿದರು. ಕೊನೆಗೆ 2008ರ ಮಾರ್ಚ್‌ನಲ್ಲಿ, ಹೊಸದಾಗಿ ಕಟ್ಟಿದ್ದ ಇರಾಕಿ ಸೇನೆ ಬಸ್ರಾಕ್ಕೆ ನುಗ್ಗಬೇಕಾಯಿತು. ಎಷ್ಟು ಸೈನಿಕರು ಹೋದರು ಎಂದು ಎಲ್ಲರೂ ಎಣಿಸುತ್ತೇವೆ. ಅವರು ಬಿಟ್ಟುಹೋದ ಬೀದಿ ಯಾರ ಕೈಗೆ ಹೋಯಿತು ಎಂದೂ ಕೇಳಬೇಕಲ್ವಾ?

2008ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಇರಾಕ್ ಒಪ್ಪಂದಕ್ಕೆ ಸಹಿ ಹಾಕಿದವು. 2009ರ ಜೂನ್ 30ರೊಳಗೆ ನಗರಗಳಿಂದ, 2011ರ ಕೊನೆಯೊಳಗೆ ದೇಶದಿಂದಲೇ ಅಮೆರಿಕದ ಪಡೆ ಹೊರಡಬೇಕಿತ್ತು. ಜೂನ್ 30ರಂದು ಇರಾಕಿನಲ್ಲಿ ರಜೆ, ಸಂಭ್ರಮ. ಅದೇ ದಿನ ಕಿರ್ಕುಕ್ ಮಾರುಕಟ್ಟೆಯಲ್ಲಿ ಕಾರ್ ಬಾಂಬ್ ಸಿಡಿದು ಹಲವರು ಸತ್ತರು. 2010ರ ಆಗಸ್ಟ್‌ನಲ್ಲಿ ಯುದ್ಧ ಕಾರ್ಯಾಚರಣೆ ಮುಗಿಯಿತು ಎಂದರೂ ಸಲಹೆ, ತರಬೇತಿಗೆಂದು ಸುಮಾರು 50,000 ಸೈನಿಕರು ಉಳಿದರು. 2011ರ ಡಿಸೆಂಬರ್ 18ರಂದು ಕೊನೆಯ ವಾಹನಗಳ ಸಾಲು ಕುವೈತ್ ಗಡಿ ದಾಟಿತು.

2014ರ ಜೂನ್‌ನಲ್ಲಿ ಉತ್ತರದ ಮೊಸುಲ್ ನಗರ ಐಸಿಸ್ ಉಗ್ರರ ಕೈಗೆ ಹೋಯಿತು. ಇರಾಕ್ ಸರ್ಕಾರವೇ ನೆರವು ಕೇಳಿತು, ಅಮೆರಿಕದವರು ಮತ್ತೆ ಬಂದರು. ಯುದ್ಧದ ಕೆಲಸ ಮುಗಿಯಿತು ಎಂಬ ಪ್ರಕಟಣೆ 2021ರ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಬಂತು. ಆಗಲೂ ಸುಮಾರು 2,500 ಸೈನಿಕರು ಅಲ್ಲೇ ಉಳಿದರು.