ಕದಕ್ಕಿಂತ ಮೊದಲು ದಾರಂದ: ಕಂಟೇನರ್ ಬಾಗಿಲಿನ ದುರಸ್ತಿ ಮತ್ತು ಬದಲಾವಣೆ

ಮನೆಯ ಬಾಗಿಲು ಸರಿಯಾಗಿ ಮುಚ್ಚದಿದ್ದಾಗ ಕೆಲಸ ಬಲ್ಲ ಬಡಗಿ ಬಂದೊಡನೆ ಕದಕ್ಕೆ ಉಜ್ಜುಗೊರಡು ಹಾಕುವುದಿಲ್ಲ. ದಾರಂದ ವಾಲಿದೆಯೇ, ಹೊಸ್ತಿಲು ಕುಸಿದಿದೆಯೇ ಎಂದು ಮೊದಲು ನೋಡುತ್ತಾನೆ. ಸರಕು ಸಾಗಿಸುವ ಉಕ್ಕಿನ ಕಂಟೇನರಿಗೂ ಇದೇ ಕ್ರಮ ಅನ್ವಯಿಸುತ್ತದೆ. ವೈಟ್‌ಫೀಲ್ಡಿನ ಒಳನಾಡು ಡಿಪೋ, ಪಣಂಬೂರಿನ ಬಂದರು, ನ್ಹಾವಾ ಶೇವಾ, ಚೆನ್ನೈ ಮುಂತಾದ ಕಡೆಗಳ ಯಾರ್ಡುಗಳಲ್ಲಿ ಈ ಕೆಲಸ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ವೆಲ್ಡಿಂಗ್ ಗೊತ್ತಿದ್ದರೆ ಬಾಗಿಲಿನ ಕೆಲಸವೂ ಗೊತ್ತಿದ್ದಂತೆಯೇ ಎಂದು ಹಲವರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಬಾಗಿಲಿನ ಕೆಲಸ ಕೆಡುವುದು ವೆಲ್ಡಿಂಗಿಗಿಂತ ಹೆಚ್ಚಾಗಿ ತಪ್ಪು ರೋಗನಿರ್ಣಯದಿಂದ.

ಸಾಮಾನ್ಯ ಒಣಸರಕಿನ ಕಂಟೇನರಿನ ಹಿಂಬದಿಯಲ್ಲಿ ಎರಡು ಕದಗಳಿರುತ್ತವೆ. ಪ್ರತಿ ಕದಕ್ಕೂ ಚೌಕಾಕಾರದ ಉಕ್ಕಿನ ಕೊಳವೆ ಮತ್ತು ಚಾನೆಲ್‌ಗಳಿಂದ ಮಾಡಿದ ಚೌಕಟ್ಟು, ಅದರೊಳಗೆ ಸುಮಾರು 2 ಮಿಲಿಮೀಟರ್ ದಪ್ಪದ ಮಡಿಕೆ ತಗಡು ಇರುತ್ತದೆ. ಈ ತಗಡು ಕಾರ್ಟೆನ್ ಎಂದು ಕರೆಯುವ, ತುಕ್ಕನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ಉಕ್ಕಿನದು. ಸಾಮಾನ್ಯವಾಗಿ ಪ್ರತಿ ಕದವನ್ನು ನಾಲ್ಕು ಹಿಂಜ್‌ಗಳು ಹಿಂಬದಿಯ ಮೂಲೆ ಕಂಬಕ್ಕೆ ಹಿಡಿದಿಡುತ್ತವೆ. ಸರಿಯಾಗಿರುವ ಕದ 270 ಡಿಗ್ರಿ ತಿರುಗಿ ಪಕ್ಕದ ಗೋಡೆಗೆ ಒರಗಿ ನಿಲ್ಲಬೇಕು. ಪ್ರತಿ ಕದದ ಮೇಲೆ ಎರಡು ಲಾಕ್ ರಾಡುಗಳಿದ್ದು, ಅವುಗಳ ಮೇಲಿನ ಮತ್ತು ಕೆಳಗಿನ ತುದಿಗಳಲ್ಲಿರುವ ಕ್ಯಾಮ್ ಎಂಬ ಕೊಕ್ಕೆಗಳು, ಹೆಡರ್ ಎಂಬ ಮೇಲಿನ ಅಡ್ಡತೊಲೆಗೂ ಸಿಲ್ ಎಂಬ ಕೆಳಗಿನ ಹೊಸ್ತಿಲಿಗೂ ಬೆಸೆದ ಕೀಪರ್ ಎಂಬ ಹಿಡಿಕೆಗಳೊಳಗೆ ಕಚ್ಚಿಕೊಳ್ಳುತ್ತವೆ. ಬಲಗದ ಎಡಗದದ ಅಂಚಿನ ಮೇಲೆ ಬರುವುದರಿಂದ ಅದನ್ನು ಮೊದಲು ತೆರೆದು ಕೊನೆಗೆ ಮುಚ್ಚಬೇಕು. ಎಡ ಬಲ ಎಂದು ಹೇಳುವಾಗಲೆಲ್ಲ ಹೊರಗೆ ನಿಂತು ಬಾಗಿಲನ್ನು ನೋಡುತ್ತಿದ್ದೇವೆ ಎಂದು ತಿಳಿಯಬೇಕು.

ಈ ಕ್ಯಾಮ್‌ಗಳ ಕೆಲಸ ಬೀಗ ಹಾಕುವುದಷ್ಟೇ ಅಲ್ಲ. ಹಡಗು ಅಲೆಯಲ್ಲಿ ಹೊರಳುವಾಗ ಒಂದರ ಮೇಲೊಂದು ಪೇರಿಸಿದ ಕಂಟೇನರುಗಳ ಚೌಕಟ್ಟು ಆಯತದಿಂದ ಓರೆಯಾಗಲು ಎಳೆಯುತ್ತದೆ. ಮುಂಬದಿಯಲ್ಲಿ ಇಡೀ ತಗಡಿನ ಗೋಡೆಯಿರುವುದರಿಂದ ಅಲ್ಲಿ ಈ ಎಳೆತಕ್ಕೆ ತಡೆಯಿದೆ. ಹಿಂಬದಿಯಲ್ಲಿರುವುದು ದೊಡ್ಡ ತೆರಪು. ಆ ತೆರಪಿನಲ್ಲಿ ಗೋಡೆಯ ಕೆಲಸವನ್ನು ಮುಚ್ಚಿದ ಕದಗಳು, ಕಚ್ಚಿದ ಕ್ಯಾಮ್‌ಗಳ ಮೂಲಕ ಚೌಕಟ್ಟಿನೊಂದಿಗೆ ಸೇರಿ ಮಾಡುತ್ತವೆ. ಐಎಸ್‌ಒ 1496-1 ಮಾನಕದ ಪರೀಕ್ಷೆಯಲ್ಲಿ ಚೌಕಟ್ಟಿನ ಮೇಲ್ಮೂಲೆಯ ಮೇಲೆ 150 ಕಿಲೋನ್ಯೂಟನ್ ಅಡ್ಡಬಲವನ್ನು ಹಾಕುತ್ತಾರೆ. ಆಗ ಎರಡು ಕರ್ಣಗಳ ಉದ್ದದಲ್ಲಾಗುವ ಬದಲಾವಣೆಯ ಒಟ್ಟು ಮೊತ್ತ 60 ಮಿಲಿಮೀಟರನ್ನು ಮೀರಬಾರದು. ಸಿಎಸ್‌ಸಿ ಎಂದು ಕರೆಯುವ, 1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದ ಸುರಕ್ಷಿತ ಕಂಟೇನರುಗಳ ಅಂತರರಾಷ್ಟ್ರೀಯ ಒಪ್ಪಂದದ ಮಾರ್ಗದರ್ಶನದಲ್ಲಿಯೂ, ಒಳಬದಿಯ, ಅಂದರೆ ಎರಡು ಕದಗಳು ಸೇರುವ ನಡುವಿನ ಕಡೆಯ, ಲಾಕ್ ರಾಡುಗಳಲ್ಲಿ ಒಂದೇ ಒಂದು ಕೆಲಸ ಮಾಡದಿದ್ದರೂ ಅದನ್ನು ಗಂಭೀರ ದೋಷವೆಂದು ಎಣಿಸಲಾಗಿದೆ. ಒಂದು ಕದವಿಲ್ಲದೆಯೇ ಸಾಗಲು ಪ್ರತ್ಯೇಕ ಅನುಮೋದನೆ ಪಡೆದ ಕಂಟೇನರುಗಳ ಮಾತು ಬೇರೆ. ಆದ್ದರಿಂದ ಮೂರು ರಾಡು ಸರಿಯಾಗಿವೆ, ನಾಲ್ಕನೆಯದನ್ನು ಆಮೇಲೆ ನೋಡೋಣ ಎಂಬ ಮಾತು ಯಾರ್ಡಿನಲ್ಲಿ ಕೇಳಿಬಂದರೆ ಅದನ್ನು ಒಪ್ಪಬಾರದು.

ನೆಲವನ್ನು ಓದುವುದು

ಕೆಲಸ ಕಲಿಯುತ್ತಿದ್ದ ಮೊದಲ ಮಳೆಗಾಲದಲ್ಲಿ ಒಂದು ಯಾರ್ಡಿನಲ್ಲಿ ಇಪ್ಪತ್ತಡಿಯ ಕಂಟೇನರೊಂದರ ಬಲಗದ ಸಿಲ್‌ಗೆ ಉಜ್ಜುತ್ತಿತ್ತು. ಹಿಂಜ್ ಸವೆದಿದೆಯೆಂದು ತೀರ್ಮಾನಿಸಿ ನಾನು ಮತ್ತು ಇನ್ನೊಬ್ಬರು ಎರಡು ಪಿನ್‌ಗಳನ್ನು ಕತ್ತರಿಸಿ, ಹಿಂಜನ್ನು ಕಾಯಿಸಿ ಬಡಿದೆವು. ಅರ್ಧ ದಿನ ಕಳೆದರೂ ಕದ ಕೂರಲಿಲ್ಲ. ಆಗ ಬಂದ ಹಿರಿಯ ಮೇಸ್ತ್ರಿಯವರು ಸಿಲ್ ಮೇಲೆ ರಸಮಟ್ಟವನ್ನಿಟ್ಟು, "ಮೊದಲು ನೆಲ ನೋಡಬೇಕಪ್ಪಾ, ಕದ ಆಮೇಲೆ" ಎಂದರು. ಮಳೆಗೆ ಮೆತ್ತಗಾದ ಮಣ್ಣಿನಲ್ಲಿ ಬಲ ಹಿಂಮೂಲೆ ಇಳಿದುಹೋಗಿತ್ತು. ಜಾಕಿನಿಂದ ಆ ಮೂಲೆಯನ್ನು ಎತ್ತಿ ಮರದ ಹಲಗೆಯನ್ನು ಇಟ್ಟಾಗ ಎಡಗದ ಸುಲಭವಾಗಿ ಮುಚ್ಚಿತು. ನಾವು ಕೆಡಿಸಿದ್ದ ಬಲಗದಕ್ಕೆ ಮಾತ್ರ ಹೊಸ ಹಿಂಜ್‌ಗಳೇ ಬೇಕಾದವು. ಆ ನಷ್ಟದ ನೆನಪು ಇಂದಿಗೂ ನನಗೆ ಚುಚ್ಚುತ್ತದೆ.

ಹಾಗಾದರೆ ನೆಲದ ದೋಷವನ್ನೂ ಹಿಂಜ್‌ನ ದೋಷವನ್ನೂ ಬೇರ್ಪಡಿಸಿ ಗುರುತಿಸುವುದು ಹೇಗೆ? ಒಂದು ಮೂಲೆ ಕುಸಿದಾಗ ಪಕ್ಕದ ಗೋಡೆಯೊಡನೆ ಆ ಬದಿಯ ಕಂಬವೂ ಅದಕ್ಕೆ ತೂಗಿದ ಕದವೂ ಒಟ್ಟಾಗಿ ಇಳಿಯುತ್ತವೆ. ಸಿಲ್ ಮತ್ತು ಹೆಡರ್ ಎರಡೂ ಓರೆಯಾಗುತ್ತವೆ. ನಡುವಿನ ಅಂಚಿನಲ್ಲಿ ನೋಡಿದರೆ, ಸಿಲ್‌ಗೆ ಹೋಲಿಸಿದಂತೆ ಒಂದು ಕದ ಇಳಿದಿರುತ್ತದೆ, ಇನ್ನೊಂದು ಏರಿರುತ್ತದೆ. ಹಿಂಜ್ ಮಾತ್ರ ಸವೆದಿದ್ದರೆ ಒಂದೇ ಕದ ಇಳಿದು, ಇನ್ನೊಂದು ತನ್ನ ಜಾಗದಲ್ಲಿಯೇ ಇರುತ್ತದೆ. ಈ ಒಂದು ವ್ಯತ್ಯಾಸವನ್ನು ಕಣ್ಣಿಗೆ ರೂಢಿ ಮಾಡಿಕೊಂಡವರು ಬಹಳಷ್ಟು ವ್ಯರ್ಥ ಕೆಲಸವನ್ನು ತಪ್ಪಿಸಬಲ್ಲರು. ಕದ ಇಳಿದಂತೆ ಕಾಣುವ ಬದಿಯ ಹಿಂಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಪ್ಯಾಕಿಂಗ್, ಅಂದರೆ ಅಡಿಗೆ ಹಲಗೆಯ ಆಧಾರ, ಕೊಡುತ್ತಾ, ಎರಡು ಕದಗಳ ಅಂಚು ಸಮವಾಗುವುದನ್ನು ಗಮನಿಸಬೇಕು.

ನಾಲ್ಕು ಮೂಲೆಗಳೂ ಮಟ್ಟಕ್ಕೆ ಬಂದ ಮೇಲೆಯೂ ಕದ ಕೂರದಿದ್ದರೆ ಟೇಪು ಹಿಡಿದು ಹಿಂಬದಿಯ ಚೌಕಟ್ಟಿನ ಎರಡು ಕರ್ಣಗಳನ್ನು ಅಳೆಯಬೇಕು. ಮೂಲೆಯ ಫಿಟ್ಟಿಂಗ್‌ಗಳ, ಅಂದರೆ ಕಂಟೇನರಿನ ಮೂಲೆಗಳಲ್ಲಿರುವ ಗಟ್ಟಿ ಉಕ್ಕಿನ ತುಂಡುಗಳ, ರಂಧ್ರಗಳ ನಡುವೆ ಅಳೆದಾಗ ಈ ಕರ್ಣಗಳ ವ್ಯತ್ಯಾಸ 10 ಮಿಲಿಮೀಟರಿಗಿಂತ ಹೆಚ್ಚಿರಬಾರದೆಂಬುದು ಐಎಸ್‌ಒ 668ರ ಮಿತಿ. ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಚೌಕಟ್ಟೇ ಸೊಟ್ಟಗಾಗಿದೆ ಎಂದರ್ಥ. ಆಗ ಕಂಬ, ಹೆಡರ್ ಅಥವಾ ಸಿಲ್ ಎಲ್ಲಿ ಬಾಗಿದೆಯೆಂದು ಹುಡುಕಿ ಅದನ್ನು ಸರಿಪಡಿಸುವವರೆಗೆ ಕದಕ್ಕೆ ಕೈ ಹಚ್ಚಬಾರದು. ಸೊಟ್ಟ ಚೌಕಟ್ಟಿಗೆ ಹೊಂದುವಂತೆ ಕದವನ್ನು ಸೊಟ್ಟ ಮಾಡಿದರೆ, ಮುಂದಿನ ಯಾರ್ಡಿನ ಮಟ್ಟದ ನೆಲದ ಮೇಲೆ ಅದು ಮತ್ತೆ ಹಿಡಿದುಕೊಳ್ಳುತ್ತದೆ.

ಭಾಗಗಳ ದುರಸ್ತಿ

ಕಂಟೇನರಿನಲ್ಲಿ ಸರಕು ಇದ್ದು ಕದ ಹೊರಕ್ಕೆ ಉಬ್ಬಿದ್ದರೆ, ಒಳಗಿನ ಸರಕು ಜಾರಿ ಕದಕ್ಕೆ ಒರಗಿರುವ ಸಂಭವವಿದೆ. ಎರಡು ಕದಗಳಿಗೆ ಪಟ್ಟಿ ಕಟ್ಟಿ, ಬದಿಯಲ್ಲಿ ನಿಂತು ಸ್ವಲ್ಪವೇ ತೆರೆದು ನೋಡಬೇಕು. ಖಾಲಿ ಕಂಟೇನರಿನಲ್ಲಿಯೂ ಕೀಟನಾಶಕ ಹೊಗೆಯ ಎಚ್ಚರಿಕೆ ಚೀಟಿ ಇದ್ದರೆ, ಗಾಳಿಯಾಡಿಸಿ ಪರೀಕ್ಷಿಸದೆ ಒಳಗೆ ಕಾಲಿಡಬಾರದು.

ಹಿಂಜ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ ತುಕ್ಕಿನಿಂದ ಪಿನ್ ಬಿಗಿಯಾಗುವುದು. ಕರಾವಳಿಯ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಂಟೇನರಿನ ಕದವನ್ನು ಇಬ್ಬರು ಸೇರಿ ಎಳೆದರೂ ತೆರೆಯಲಾಗದಿರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ, ಒಂದು ರಾತ್ರಿ ಬಿಟ್ಟು, ಕದವನ್ನು ಹಿಂದೆಮುಂದೆ ಆಡಿಸಿದರೆ ಅನೇಕ ಹಿಂಜ್‌ಗಳು ಬಿಡುತ್ತವೆ. ಫೋರ್ಕ್‌ಲಿಫ್ಟಿನಿಂದ ಕದವನ್ನು ತಳ್ಳುವ ಅಭ್ಯಾಸದಿಂದ ಪಿನ್ ಬಿಡುವ ಬದಲು ಹಿಂಜ್‌ನ ತಗಡೇ ಬಾಗುತ್ತದೆ. ಪಿನ್ ಬದಲಿಸಲೇಬೇಕಾದರೆ ಅದರ ತುದಿಯ ವೆಲ್ಡನ್ನು ಗ್ರೈಂಡರಿನಿಂದ ತೆಗೆದು ಹೊರಗೆ ಬಡಿಯಬೇಕು, ಹೊಸ ಪಿನ್ನಿಗೆ ಹಾಗೆಯೇ ವೆಲ್ಡ್ ಹಾಕಬೇಕು. ಹೊರಗಿನಿಂದ ಗುರುತು ಉಳಿಯದಂತೆ ಕದವನ್ನು ಕಳಚಲು ಸಾಧ್ಯವಾಗಬಾರದು ಎಂಬುದು ಕಸ್ಟಮ್ಸ್ ನಿಯಮಗಳ ಮೂಲ ಆಶಯ. ಬಾಗಿಲಿಗೆ ಹಾಕಿದ ಮುದ್ರೆಯ ಸೀಲು ಹಾಗೆಯೇ ಇದ್ದರೂ ಪಿನ್ ತೆಗೆದು ಸರಕನ್ನು ಕದಿಯಬಹುದಾದರೆ ಆ ಸೀಲಿಗೆ ಬೆಲೆಯಿಲ್ಲ.

ಲಾಕ್ ರಾಡು ಕಲಾಯಿ ಮಾಡಿದ ಉಕ್ಕಿನ ಕೊಳವೆ. ಸ್ವಲ್ಪ ಬಾಗಿದ್ದರೆ ಕಾಯಿಸದೆಯೇ ನೇರ ಮಾಡಬೇಕು, ಏಕೆಂದರೆ ಕಾಯಿಸಿದರೆ ಸತುವಿನ ಲೇಪ ಸುಟ್ಟು ಹೋಗುತ್ತದೆ, ಅದರ ಹೊಗೆಯೂ ಉಸಿರಿಗೆ ಕೆಡುಕು. ಮಡಿಕೆ ಬಿದ್ದಂತೆ ನಗ್ಗಿದ್ದರೆ ಬದಲಿಸುವುದೇ ಸರಿ. ಬಾಗದೆ ತಿರುಚಿಕೊಂಡ ರಾಡು ಮಾತ್ರ ಕಣ್ಣಿಗೆ ಸುಲಭವಾಗಿ ಸಿಕ್ಕುವುದಿಲ್ಲ: ಹ್ಯಾಂಡಲ್ ತಿರುಗಿಸುವಾಗ ಮೇಲಿನ ಕ್ಯಾಮ್ ಕೀಪರನ್ನು ಹೊಕ್ಕರೂ ಕೆಳಗಿನದು ಇನ್ನೂ ಹೊರಗೇ ಇದ್ದರೆ ರಾಡು ತಿರುಚಿದೆಯೆಂದು ಶಂಕಿಸಬೇಕು. ಕ್ಯಾಮ್ ಮತ್ತು ಕೀಪರ್ ಒಂದೇ ತಯಾರಿಕೆಯ ಜೋಡಿಯಾಗಿರಬೇಕು. ಆಕಾರ ಬೇರೆಯಾದರೆ ಮೇಲುನೋಟಕ್ಕೆ ಕೂತಂತೆ ಕಂಡರೂ ಕಚ್ಚುವ ಆಳ ಸಾಲದು.

ಯಾರ್ಡಿನಲ್ಲಿ ಬರೀ ರಬ್ಬರ್ ಎಂದು ಕರೆಯುವ ಗ್ಯಾಸ್ಕೆಟ್ ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನದು. ಅದನ್ನು ಲೋಹದ ಪಟ್ಟಿ ಮತ್ತು ರಿವೆಟ್‌ಗಳಿಂದ ಕದದ ಅಂಚಿಗೆ ಹಿಡಿದಿಡುತ್ತಾರೆ. ಹೊಸದನ್ನು ಕೂರಿಸುವ ಮುನ್ನ ಹಳೆಯ ಅಂಟು, ತುಕ್ಕು ಎಲ್ಲವನ್ನೂ ತೆಗೆದು ಅಂಚಿಗೆ ಬಣ್ಣ ಬಳಿಯಬೇಕು. ಗ್ಯಾಸ್ಕೆಟ್ಟಿನ ಮೇಲೆ ಬಣ್ಣ ಬೀಳಬಾರದು. ರಬ್ಬರನ್ನು ಎಳೆದು ಜಗ್ಗಿಸಿ ಕೂರಿಸಿದರೆ ಕೆಲವು ವಾರಗಳಲ್ಲಿ ಅದು ಕುಗ್ಗಿ ಮೂಲೆಯಲ್ಲಿ ಸೀಳು ಬಿಡುತ್ತದೆ.

ತಗಡಿನಲ್ಲಿ ರಂಧ್ರವಿದ್ದರೆ ಮೇಲೊಂದು ತುಂಡು ಹೊದಿಸುವುದಕ್ಕಿಂತ, ಕೆಟ್ಟ ಭಾಗವನ್ನು ಕತ್ತರಿಸಿ ಅದೇ ದಪ್ಪದ, ಅದೇ ಮಡಿಕೆಯ ತುಂಡನ್ನು ಒಳಸೇರಿಸಿ ಸುತ್ತಲೂ ಎಡೆಬಿಡದೆ ವೆಲ್ಡ್ ಹಾಕುವುದನ್ನು ನಾನು ಶಿಫಾರಸು ಮಾಡುತ್ತೇನೆ. ಹೊದಿಸಿದ ತುಂಡಿನ ಸಂದಿಯಲ್ಲಿ ನೀರು ನಿಂತು ತುಕ್ಕು ಒಳಗಿನಿಂದಲೇ ಬೆಳೆಯುತ್ತದೆ. ವೆಲ್ಡಿಂಗ್‌ನ ಅರ್ಥ್ ಕೇಬಲನ್ನು ಅದೇ ಕದಕ್ಕೆ, ಕೆಲಸದ ಹತ್ತಿರವೇ ಕಚ್ಚಿಸಬೇಕು. ದೂರದ ಗೋಡೆಗೆ ಕಚ್ಚಿಸಿದರೆ ವಿದ್ಯುತ್ತು ಹಿಂಜ್‌ಗಳ ಮೂಲಕ ಹರಿದು ಪಿನ್ನನ್ನು ಸುಡಬಹುದು. ಒಳಗೆ ಪ್ಲೈವುಡ್ ನೆಲವಿದೆಯೆಂಬುದನ್ನು ಮರೆಯದೆ ಕಿಡಿ ಬೀಳುವೆಡೆಗೆ ಬೆಂಕಿ ತಡೆಯುವ ಹೊದಿಕೆಯನ್ನು ಹಾಸಿ, ನೀರನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬೇಕು.

ಇಡೀ ಕದವನ್ನು ಬದಲಿಸುವುದು

ಕದದ ಚೌಕಟ್ಟಿನ ಕೊಳವೆಗಳೇ ಹಲವೆಡೆ ಬಾಗಿದ್ದರೆ, ಅಥವಾ ಕೆಳಗಿನ ಅಂಚು ಉದ್ದಕ್ಕೂ ತುಕ್ಕು ತಿಂದಿದ್ದರೆ, ತುಂಡು ತುಂಡಾಗಿ ಸರಿಪಡಿಸುವ ಕೂಲಿ ಹೊಸ ಕದದ ಬೆಲೆಗೆ ಹತ್ತಿರವಾಗುತ್ತದೆ. ಆಗ ಬದಲಿಸುವುದು ಲೇಸು. ಕದದ ತೂಕ ನೂರು ಕಿಲೋಗಿಂತ ಹೆಚ್ಚು, ಆದ್ದರಿಂದ ಕೊನೆಯ ಪಿನ್ ತೆಗೆಯುವ ಮೊದಲೇ ಅದಕ್ಕೆ ಮೇಲಿನಿಂದ ಸರಪಳಿಯ ಆಧಾರವಿರಬೇಕು. ಹೊಸ ಕದವನ್ನು ತೂಗಿಸಿ, ಪಿನ್‌ಗಳನ್ನು ವೆಲ್ಡ್ ಮಾಡದೆ ಸುಮ್ಮನೆ ಸೇರಿಸಿ, ಸುತ್ತಲಿನ ಸಂದು ಸಮವಾಗಿದೆಯೇ ಎಂದು ನೋಡಬೇಕು. ರಾಡು, ಹ್ಯಾಂಡಲ್, ಹಿಂಜ್ ಯಾವುದೂ ಮೂಲೆ ಫಿಟ್ಟಿಂಗ್‌ಗಳ ಹೊರಮೈಯನ್ನು ದಾಟಿ ಚಾಚಬಾರದು. ತೆರಪಿನ ಅಗಲ 2286 ಮಿಲಿಮೀಟರಿಗಿಂತ ಕಡಿಮೆಯಾಗದಂತೆಯೂ ಎಚ್ಚರ ವಹಿಸಬೇಕು.

ಹಳೆಯ ಕದವನ್ನು ಗುಜರಿಗೆ ಹಾಕುವ ಆತುರದಲ್ಲಿ ಸಿಎಸ್‌ಸಿ ಅನುಮೋದನೆಯ ಫಲಕವನ್ನು ಕಳೆದುಕೊಂಡ ಉದಾಹರಣೆಗಳನ್ನು ಕಂಡಿದ್ದೇನೆ. ಆ ಫಲಕ ಸಾಮಾನ್ಯವಾಗಿ ಎಡಗದದಲ್ಲಿರುತ್ತದೆ; ಅದಿಲ್ಲದ ಕಂಟೇನರನ್ನು ಅಂತರರಾಷ್ಟ್ರೀಯ ಸಾಗಣೆಗೆ ಸ್ವೀಕರಿಸುವುದಿಲ್ಲ. ಅದನ್ನು ಮೊದಲೇ ಬಿಚ್ಚಿ ಜೋಪಾನವಾಗಿಟ್ಟು, ಹೊಸ ಕದಕ್ಕೆ ರಿವೆಟ್ ಮಾಡಬೇಕು. ಬಲಗದವನ್ನು ಬದಲಿಸಿದ್ದರೆ ನಾಲ್ಕು ಅಕ್ಷರ, ಆರು ಅಂಕಿ ಮತ್ತು ಒಂದು ತಾಳೆ ಅಂಕಿಯಿರುವ ಕಂಟೇನರ್ ಸಂಖ್ಯೆಯನ್ನೂ ತೂಕದ ವಿವರಗಳನ್ನೂ ಮತ್ತೆ ಬರೆಸಬೇಕು.

ಬಣ್ಣ ಒಣಗಿದ ಮೇಲೆ ಬೆಳಕಿನ ಪರೀಕ್ಷೆ ಮಾಡಬೇಕು: ಒಬ್ಬರು ಒಳಗೆ ನಿಂತು, ಇನ್ನೊಬ್ಬರು ಹೊರಗಿನಿಂದ ಕದ ಮುಚ್ಚಿ, ಕತ್ತಲಲ್ಲಿ ಎಲ್ಲಿಯಾದರೂ ಬೆಳಕಿನ ಎಳೆ ಕಾಣುತ್ತದೆಯೇ ಎಂದು ನೋಡುವುದು. ಹೊರಗಿರುವವರು ಅಲ್ಲಿಂದ ಕದಲಲೇಬಾರದು. ನಂತರ ಕಂಟೇನರನ್ನು ಎತ್ತಿ ಬೇರೊಂದು ಮಟ್ಟದ ಜಾಗದಲ್ಲಿ ಇಳಿಸಿ, ಎರಡು ಕದಗಳನ್ನೂ ಇನ್ನೊಮ್ಮೆ ಪೂರ್ತಿ ತೆರೆದು ಮುಚ್ಚಬೇಕು. ನಾವು ಪ್ಯಾಕಿಂಗ್ ಕೊಟ್ಟ ಜಾಗದಲ್ಲಿ ಮಾತ್ರ ಮುಚ್ಚುವ ಕದ ಇನ್ನೂ ದುರಸ್ತಿಯಾಗಿಲ್ಲ.